ತೌಡು ಸಮೇತ

ನಮ್ಮ ಗಿರಣಿಯ ಬಾಗಿಲ ಮೇಲೆ ಒಂದು ತಗಡಿನ ಬೋರ್ಡು ಇದೆ. ‘ಇಲ್ಲಿ ಗೋಧಿಯನ್ನು ತೌಡು ಸಮೇತ ಬೀಸಿಕೊಡಲಾಗುವುದು’ ಎಂದು ಅಪ್ಪ ತನ್ನ ಕೈಯಾರೆ ಬರೆದದ್ದು. ಅಕ್ಷರಗಳು ಎಡಗಡೆ ದೊಡ್ಡದಾಗಿ ಶುರುವಾಗಿ, ಬಲಗಡೆಗೆ ಬರುವಷ್ಟರಲ್ಲಿ ಜಾಗ ಸಾಲದೆ ಒಂದರ ಮೈಮೇಲೆ ಒಂದು ಬಿದ್ದಿವೆ. ಓದಲು ಬಾರದವರಿಗೂ ಆ ಬೋರ್ಡಿನಲ್ಲಿ ಏನಿದೆಯೆಂದು ಗೊತ್ತು, ಏಕೆಂದರೆ ಅಪ್ಪ ಅದನ್ನು ದಿನಕ್ಕೊಮ್ಮೆಯಾದರೂ ಬಾಯಲ್ಲಿ ಹೇಳುತ್ತಾನೆ.

“ಕಾಳಿನೊಳಗೆ ದೇವರು ಇಟ್ಟಿದ್ದನ್ನ ತೆಗೆಯೋಕೆ ನಾನ್ಯಾರು? ತೌಡು ತೆಗೆದ ಹಿಟ್ಟು ಅಂದ್ರೆ ಬೆನ್ನುಮೂಳೆ ತೆಗೆದ ಮನುಷ್ಯ ಇದ್ದ ಹಾಗೆ.”

ತಾತನ ಕಾಲದಲ್ಲಿ ಹೀಗಿರಲಿಲ್ಲವಂತೆ. ಯಾರು ಎಷ್ಟು ನುಣುಪು ಕೇಳಿದರೆ ಅಷ್ಟು ಜರಡಿ ಹಿಡಿದು ಕೊಡುತ್ತಿದ್ದರು. ಆ ಜರಡಿಗಳು ಇಂದಿಗೂ ಒಳಗೋಡೆಯ ಮೊಳೆಗಳಿಗೆ ಸಾಲಾಗಿ ನೇತುಬಿದ್ದಿವೆ. ಕಿಟಕಿಯ ಪಕ್ಕದ್ದು ಎಲ್ಲಕ್ಕಿಂತ ಸಣ್ಣ ಕಣ್ಣಿನದು. ಬೆಳಕಿಗೆ ಹಿಡಿದರೂ ಆಚೆ ಬದಿ ಮಂಜಿನಂತೆ ಕಾಣುತ್ತದೆ. ಬಾಗಿಲಿನತ್ತ ಬರುತ್ತ ಬರುತ್ತ ಕಣ್ಣು ದೊಡ್ಡದಾಗುತ್ತದೆ. ಕೊನೆಯದರಲ್ಲಿ ಕಲ್ಲು, ಕಡ್ಡಿ ಮಾತ್ರ ನಿಲ್ಲುತ್ತವೆ. ಚಿಕ್ಕವಳಿದ್ದಾಗ ನಾನು ಅವನ್ನು ಮುಖಕ್ಕೆ ಅಡ್ಡ ಹಿಡಿದು ಗಿರಾಕಿಗಳನ್ನು ನೋಡುತ್ತಿದ್ದೆ. ನನಗೆ ಅವರು ಕಾಣುತ್ತಿದ್ದರು, ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಲೋಕವನ್ನು ನೋಡಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲವೆಂದು ನನಗೆ ಅನ್ನಿಸುತ್ತಿತ್ತು.

ಗಿರಣಿಯ ಹಿಂದೆಯೇ ಮನೆ. ಮನೆಯಲ್ಲಿ ಅಪ್ಪ, ಅಪ್ಪನ ತಂಗಿಯಾದ ನನ್ನ ಅತ್ತೆ, ಮತ್ತೆ ನಾನು. ಅಮ್ಮನ ನೆನಪು ನನಗಿಲ್ಲ, ಸಾಕಿದವಳು ಅತ್ತೆಯೇ. ಹುಟ್ಟಿದಾಗ ನಾನು ಒಂದು ಕಾಳಿನಷ್ಟಿದ್ದೆನಂತೆ. ಅದಕ್ಕೇ ಅಪ್ಪ ನನ್ನನ್ನು ‘ಕಾಳೂ’ ಎಂದು ಕರೆಯುವುದು.

ಶಾಲೆಯನ್ನು ನಾನು ಬೇಗ ಬಿಟ್ಟೆ. ಹೊಟ್ಟೆ ಹಿಂಡುವುದು, ಪಾಠದ ನಡುವೆ ಎದ್ದು ಓಡುವುದು, ತಿರುಗಿ ಬಂದಾಗ ಇಡೀ ತರಗತಿ ನನ್ನನ್ನೇ ನೋಡುವುದು. ದಿನವೂ ಕೈಯೆತ್ತಿ ಕೇಳುವುದಕ್ಕಿಂತ ಶಾಲೆಯನ್ನೇ ಬಿಡುವುದು ನನಗೆ ಸುಲಭವಾಗಿ ಕಂಡಿತು. ಆಮೇಲೆ ಗಿರಣಿಯ ತಕ್ಕಡಿಯ ಪಕ್ಕ ಕುಳಿತೆ. ಬಂದ ಮೂಟೆ ತೂಗುವುದು, ಯಾರದೆಂದು ಗುರುತು ಕಟ್ಟುವುದು ನನ್ನ ಕೆಲಸ. ಅಲ್ಲಿಂದ ಮನೆಯ ಪಾಯಿಖಾನೆ ಹತ್ತಿರ. ಕಲ್ಲಿನ ಸದ್ದಿನಲ್ಲಿ ಯಾರೂ ಹೆಚ್ಚು ಮಾತಾಡಿಸುವುದೂ ಇಲ್ಲ. ತಲೆ ಆಡಿಸಿದರೆ ಸಾಕು. ನನಗೆ ಹೇಳಿ ಮಾಡಿಸಿದ ಜಾಗ.

ನನ್ನ ಹೊಟ್ಟೆನೋವಿಗೆ ಅಪ್ಪನ ಹತ್ತಿರ ಇದ್ದ ಮದ್ದು ಒಂದೇ, ಇನ್ನಷ್ಟು ತೌಡು.

“ನಾರು ಒಳಗೆ ಹೋಗ್ಲಿ ಕಾಳೂ. ಪೊರಕೆ ಹಾಗೆ ಗುಡಿಸ್ಕೊಂಡು ಬರುತ್ತೆ.”

ದಪ್ಪ ಹಿಟ್ಟಿನ ರೊಟ್ಟಿ, ಹಸಿ ತರಕಾರಿ, ಸಿಪ್ಪೆ ಸಮೇತ ಹಣ್ಣು, ಹುರಿದ ಬೀಜಗಳು. ಅವನು ಪ್ರೀತಿಯಿಂದ ಕೊಡುತ್ತಿದ್ದ, ನಾನು ಪ್ರೀತಿಯಿಂದಲೇ ತಿನ್ನುತ್ತಿದ್ದೆ, ಆಮೇಲೆ ಹಿತ್ತಲ ಗೋಡೆ ಹಿಡಿದು ಬಗ್ಗಿ ನಿಂತಿರುತ್ತಿದ್ದೆ. ಆಗಾಗ ಅತ್ತೆ ನನ್ನನ್ನು ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುವಳು.

“ಏನೇ ಇದು, ಮೂಟೆಗೆ ಇಲಿ ಬಿದ್ದ ಹಾಗಿದೆ. ಹೋದ ಸಲಕ್ಕಿಂತ ಕಡಿಮೆ!”

ನಗುತ್ತಲೇ ಹೇಳುವಳು. ಆದರೆ ತೂಕದ ಕಲ್ಲುಗಳನ್ನು ಇಳಿಸುವಾಗ ಅವಳ ಕೈ ಮೆಲ್ಲಗಾಗುತ್ತಿದ್ದುದನ್ನು ನಾನು ನೋಡುತ್ತಿದ್ದೆ.

ಕೊನೆಗೊಂದು ದಿನ ತಿಂದದ್ದೆಲ್ಲ ವಾಂತಿಯಾಗಿ, ಹೊಟ್ಟೆ ಉಬ್ಬಿ ಕಲ್ಲಾಯಿತು. ಅಪ್ಪ, ಅತ್ತೆ ನನ್ನನ್ನು ಹಿಟ್ಟಿನ ಗಾಡಿಯಲ್ಲೇ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಪರೀಕ್ಷೆಗಳಾದ ಮೇಲೆ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಕ್ರೋನ್ಸ್, ಅಂದರೆ ಕರುಳಿನ ಉರಿಯೂತ, ವರ್ಷಗಟ್ಟಲೆ ಜೊತೆಗಿರುವಂಥದ್ದು. ಸಣ್ಣ ಕರುಳಿನ ಕೊನೆಯ ಭಾಗ ಊದಿಕೊಂಡು ದಾರಿ ಕಿರಿದಾಗಿದೆ. ಬರೀ ಊತವಾದರೆ ಔಷಧಿಗೆ ಇಳಿಯುತ್ತದೆ. ಹಳೆಯ ಗಾಯ ಗಟ್ಟಿಯಾಗಿ ಕಿರಿದಾಗಿದ್ದರೆ ಆ ತುಂಡನ್ನು ಕತ್ತರಿಸಿ ತೆಗೆಯಬೇಕಾದೀತು. ಏನೇ ಆಗಲಿ, ಮೊದಲು ಮೈ ತುಂಬಬೇಕು.

“ಏನು ತಿಂದು ಬಂತು ಇದು?” ಅಪ್ಪ ಕೇಳಿದ.

“ತಿಂದದ್ದರಿಂದ ಬಂದ ಕಾಯಿಲೆ ಅಲ್ಲ. ಯಾರ ತಪ್ಪೂ ಅಲ್ಲ,” ಎಂದರು ಡಾಕ್ಟರು.

ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಆಮೇಲೆ ನಮ್ಮನ್ನು ಆಹಾರದ ವಿಷಯ ಹೇಳುವವರ ಕೋಣೆಗೆ ಕಳಿಸಿದರು. ಅತ್ತೆ ಅವರಿಗೆ ‘ಪಥ್ಯದ ಮೇಡಂ’ ಎಂದು ಹೆಸರಿಟ್ಟಳು. ಸಣ್ಣ ಕೋಣೆ, ಮೇಜಿನ ಮೇಲೆ ರಬ್ಬರಿನ ಹಣ್ಣು ತರಕಾರಿಗಳು. ಅಪ್ಪ ಒಳ್ಳೆಯ ಅಂಗಿ ಹಾಕಿಕೊಂಡಿದ್ದ, ಆದರೆ ಕಿವಿಯ ಸುತ್ತ ಹಿಟ್ಟು ಹಾಗೇ ಇತ್ತು.

“ಸದ್ಯಕ್ಕೆ ತೌಡು ಬೇಡ,” ಎಂದರು ಮೇಡಂ. “ಸಿಪ್ಪೆ, ಬೀಜ, ಹಸಿ ತರಕಾರಿ ಬೇಡ.”

ಅಪ್ಪ ಕುರ್ಚಿಯಲ್ಲಿ ನೆಟ್ಟಗಾದ. “ಮೇಡಂ, ನನ್ನ ಹಿಟ್ಟು ತಿಂದು ಕೆಟ್ಟವರು ಈ ಊರಲ್ಲಿ ಒಬ್ಬರಿಲ್ಲ.”

“ನಿಮ್ಮ ಹಿಟ್ಟು ಒಳ್ಳೇದೇ. ನಾನು ಬೇಕಾದ್ರೆ ತಗೊಂಡು ಹೋಗ್ತೀನಿ. ಆದ್ರೆ ಇವಳಿಗೆ ಈಗ ಆಗೋದಿಲ್ಲ. ನಿಮ್ಮ ಗಿರಣೀಲಿ ಕಾಳು ಇಳಿಯೋ ದಾರಿ ಕಟ್ಕೊಂಡ್ರೆ ಏನ್ಮಾಡ್ತೀರಿ?”

“ಮೇಲಿಂದ ಸುರಿಯೋದು ನಿಲ್ಲಿಸ್ತೀನಿ.”

“ಅಷ್ಟೇ ನಾನು ಹೇಳ್ತಿರೋದು.”

ಅಪ್ಪ ಬಸ್ಸಿನಲ್ಲಿ ಮನೆಗೆ ಬರುವವರೆಗೂ ಕಿಟಕಿಯಾಚೆ ನೋಡುತ್ತಿದ್ದ.

ಮೊದಲು ಕೆಲವು ವಾರ ಊಟವೇ ಇರಲಿಲ್ಲ. ಆಸ್ಪತ್ರೆಯವರು ಕೊಟ್ಟ ಪೌಷ್ಟಿಕ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯುವುದು. ಕರುಳಿಗೆ ವಿಶ್ರಾಂತಿ, ಮೈಗೆ ಆಹಾರ, ಎರಡೂ ಅದರಿಂದಲೇ ಎಂದಿದ್ದರು ಮೇಡಂ. ಅದರ ರುಚಿಯನ್ನು ಅತ್ತೆ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು, “ಗೋಡೆಗೆ ಬಳಿಯೋ ಸುಣ್ಣಕ್ಕೆ ಸಕ್ಕರೆ ಹಾಕಿದ್ದಾರೆ,” ಎಂದಳು. ಆದರೂ ಲೋಟವನ್ನು ತಣ್ಣಗೆ ಮಾಡಿ, ನನ್ನ ಪಕ್ಕ ಕುಳಿತು, ಗುಟುಕು ಗುಟುಕಾಗಿ ಮುಗಿಸುವವರೆಗೆ ಊರಿನ ಸುದ್ದಿ ಹೇಳುವಳು. ಅವಳ ಸುದ್ದಿ ಕೇಳುವ ಆಸೆಗೆ ನಾನು ಎಷ್ಟೋ ಲೋಟ ಕುಡಿದೆ. ಆ ದಿನಗಳಲ್ಲಿ ಅಡುಗೆಮನೆಯಿಂದ ರೊಟ್ಟಿಯ ವಾಸನೆ ಬರಲೇ ಇಲ್ಲ. ಅವರಿಬ್ಬರೂ ಗಿರಣಿಯ ಮೂಲೆಯಲ್ಲಿ ಒಲೆ ಹಚ್ಚಿ, ಮೂಟೆಗಳ ಹಿಂದೆ ಅಡಗಿ ತಿನ್ನುತ್ತಿದ್ದರೆಂದು ನನಗೆ ತಡವಾಗಿ ಗೊತ್ತಾಯಿತು.

ಊಟ ಶುರುವಾಗುವ ದಿನ ಬೆಳಿಗ್ಗೆ ಅಪ್ಪ ಕಿಟಕಿಯ ಪಕ್ಕದ ಮೊಳೆಯಿಂದ ಎಲ್ಲಕ್ಕಿಂತ ಸಣ್ಣ ಜರಡಿಯನ್ನು ಇಳಿಸಿದ. ಧೂಳು ಒರೆಸಿ, ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟ. ಆಗಲೇ ಬ್ರೆಡ್ಡಿನ ಅಂಗಡಿಯವನು ಬಂದ. ಊರಿಗೆಲ್ಲ ಅವನು ‘ಮಾಮ’. ದೊಡ್ಡ ಗಂಟಲಿನವನು; ಗಿರಣಿ ಓಡುತ್ತಿದ್ದರೂ ಅವನ ಮಾತು ಬೀದಿಗೆ ಕೇಳುತ್ತದೆ.

“ಏನ್ ಯಜಮಾನ್ರೇ! ಪಕ್ಷ ಬದಲಾಯಿಸಿದ್ರಾ? ಕೈಯಲ್ಲಿ ಜರಡಿ!”

ನಾನು ತಕ್ಕಡಿಯ ಹಿಂದೆ ತಲೆ ತಗ್ಗಿಸಿದೆ. ನನ್ನ ಹೊಟ್ಟೆಯ ವಿಷಯ ಬೀದಿಯ ಬಾಯಿಗೆ ಬೀಳುವುದನ್ನು ನೆನೆದೇ ಮೈ ಬೆವರಿತು. ಅಪ್ಪ ನನ್ನತ್ತ ಒಮ್ಮೆ ನೋಡಿ, “ಇಲಿ ಕಡಿದಿದೆಯೇನೋ ನೋಡ್ತಿದ್ದೆ,” ಎಂದ.

ಅಂದಿನಿಂದ ನನ್ನ ರೊಟ್ಟಿಯ ಹಿಟ್ಟು ಬೇರೆಯಾಯಿತು. ಕಲ್ಲಿನಿಂದ ಬಂದ ಹಿಟ್ಟನ್ನು ಅಪ್ಪ ತಾನೇ ಜರಡಿ ಹಿಡಿಯುವನು. ಅತ್ತೆ ಆಲೂಗಡ್ಡೆಯ ಸಿಪ್ಪೆ ತೆಗೆದು, ಬೇಯಿಸಿ, ಮೆದುಮಾಡುವಳು. ಕ್ಯಾರೆಟ್ಟನ್ನು ಬೆರಳಿಗೆ ಕರಗುವಷ್ಟು ಬೇಯಿಸುವಳು. ಮೊಟ್ಟೆ, ಮುಳ್ಳು ತೆಗೆದ ಮೀನು, ಮೆತ್ತನೆಯ ಅನ್ನ, ಮಾಗಿದ ಬಾಳೆಹಣ್ಣು. ಅಪ್ಪನೂ ಹಟ ಹಿಡಿದು ಅದನ್ನೇ ತಿಂದ.

“ಇದೇನ್ ಊಟಾನೇ? ಹಲ್ಲಿಗೆ ರಜಾ ಕೊಟ್ಟ ಹಾಗಿದೆ.”

“ನಿನಗ್ಯಾರು ತಿನ್ನು ಅಂದ್ರು ಅಣ್ಣಾ? ನಿನ್ನ ಕರುಳು ಸಾರಿಗೆ ಬಸ್ಸು ಹೋಗೋ ಅಷ್ಟಗಲ ಇದೆ,” ಎಂದಳು ಅತ್ತೆ.

ಅವನು ಇನ್ನೊಂದು ಚಮಚ ಬಡಿಸಿಕೊಂಡ. ನಾನು ಇಂಥ ಮನೆಯಲ್ಲಿ ಹುಟ್ಟಿದ್ದಕ್ಕೆ ಯಾರಿಗೆ ಕೈ ಮುಗಿಯಬೇಕೋ ಗೊತ್ತಾಗದೆ ತಟ್ಟೆ ನೋಡುತ್ತ ಕುಳಿತೆ.

ಊತ ಇಳಿಯಲೆಂದು ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಇಂಜೆಕ್ಷನ್ನೂ ಕೈಹಿಡಿಯಿತು. ಗೋಡೆ ಹಿಡಿದು ನಿಲ್ಲುವುದು ನಿಂತಿತು. ತಕ್ಕಡಿಯ ಮೇಲೆ ನಾನು ಹತ್ತಿದರೆ ಅತ್ತೆ ಇನ್ನೊಂದು ಕಲ್ಲು ಹುಡುಕಬೇಕಾಯಿತು. ಮತ್ತೆ ಒಳಗಿನ ಚಿತ್ರ ತೆಗೆಸಿದಾಗ ಡಾಕ್ಟರ ಮುಖ ಸಡಿಲವಾಯಿತು. ಊತ ಬಹಳ ಮಟ್ಟಿಗೆ ಇಳಿದಿದೆ, ದಾರಿ ತೆರೆದಿದೆ, ಆಪರೇಷನ್ ಬೇಡ. ಅತ್ತೆ ಅಲ್ಲೇ ಅಳತೊಡಗಿದಳು. ಡಾಕ್ಟರು ಅವಳಿಗೆ ನೀರು ತರಿಸಿಕೊಟ್ಟರು.

ಪಥ್ಯದ ಮೇಡಂ ನನ್ನನ್ನು ನೋಡಿ ನಕ್ಕರು. “ಇನ್ನು ಒಂದೊಂದಾಗಿ ವಾಪಸ್ ತರೋಣ. ಬರೀ ಬಿಳಿ ಊಟದಲ್ಲೇ ಇದ್ದುಬಿಡಬಾರದು, ಅದ್ರಲ್ಲಿ ಸತ್ವ ಸಾಲದು. ಕರುಳಿಗೂ ಸ್ವಲ್ಪ ನಾರು ಬೇಕು. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ಸ್ವಲ್ಪ, ಚೆನ್ನಾಗಿ ಬೇಯಿಸಿ, ಚೆನ್ನಾಗಿ ಅಗಿದು. ಒಗ್ಗಿದ್ರೆ ಮುಂದೆ. ಹುಷಾರಾಗಿ.”

ಅಪ್ಪನಿಗೆ ಕೇಳಿಸಿದ್ದು ಕೊನೆಯ ಮಾತೊಂದೇ.

ಅವನು ಹುಷಾರಾದ. ಎಷ್ಟು ಹುಷಾರೆಂದರೆ, ಸಣ್ಣ ಜರಡಿಯ ಮೇಲೆ ತೆಳು ಬಟ್ಟೆ ಹಾಸಿ ಎರಡನೆಯ ಸಲ ಹಿಟ್ಟು ಹಿಡಿಯತೊಡಗಿದ. ಅತ್ತೆ ಒಂದು ಸಂಜೆ ಕುಂಬಳಕಾಯಿ ಬೇಯಿಸಿ ನನ್ನ ತಟ್ಟೆಗೆ ಬಡಿಸಿದರೆ, ತಟ್ಟೆಯನ್ನೇ ಎತ್ತಿಕೊಂಡು ಹೋದ.

“ಮೇಡಂ ಕೊಡಿ ಅಂದಿದ್ದಾರೆ ಅಣ್ಣಾ.”

“ಮೇಡಂಗೇನು? ಗಾಡೀಲಿ ಮಲಗಿಸ್ಕೊಂಡು ಓಡಿದ್ದು ನಾನು.”

ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ನಾನು ಅದನ್ನು ಕಂಡೆ, ಆದರೆ ಏನೂ ಹೇಳಲಿಲ್ಲ. ಹೇಳುವುದು ನನಗೆ ಬರುವುದಿಲ್ಲ, ನೋಡುವುದಷ್ಟೇ ಬರುತ್ತದೆ.

ಹೆದರಿಕೆ ಅಲ್ಲಿಗೇ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ನಾನು ಗಿರಣಿಗೆ ಬಂದಾಗ ಬಾಗಿಲ ಮೇಲಿನ ಬೋರ್ಡು ಇರಲಿಲ್ಲ. ಗೋಡೆಗೆ ಮುಖ ಮಾಡಿ ಮೂಲೆಯಲ್ಲಿ ನಿಂತಿತ್ತು. ಅಪ್ಪ ಬೇರೆಯವರ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದ! ಬಂದವರೆಲ್ಲರದ್ದು, ಕೇಳದೆಯೇ. ತೌಡನ್ನು ಬೇರೆ ಚೀಲಕ್ಕೆ ತುಂಬಿ, “ಇದು ದನಕ್ಕೆ,” ಎಂದು ಮೂಲೆಗೆ ಸರಿಸುತ್ತಿದ್ದ. ಅತ್ತೆ ಕೇಳಿದ್ದಕ್ಕೆ ಕೆಳದನಿಯಲ್ಲಿ ಹೇಳಿದ: “ನನ್ನ ಕೈಯಾರೆ ಈ ಮಗುವಿಗೆ ಇಷ್ಟು ವರ್ಷ ಪೊರಕೆ ತಿನ್ನಿಸ್ದೆ. ಇನ್ನೆಷ್ಟು ಮನೇಲಿ ಎಷ್ಟು ಮಕ್ಕಳು ಗೋಡೆ ಹಿಡ್ಕೊಂಡು ನಿಂತಿದ್ದಾವೋ, ಯಾರಿಗೆ ಗೊತ್ತು?”

ಡಾಕ್ಟರ ಮಾತು ಅವನಿಗೆ ಕೇಳಿಸಿರಲಿಲ್ಲವೆಂದು ನನಗೆ ಆಗ ಖಚಿತವಾಯಿತು.

ಗಿರಾಕಿಗಳು ಮೊದಲು ನಕ್ಕರು, ಆಮೇಲೆ ಗೊಣಗಿದರು. ನಮ್ಮ ಗಿರಣಿಗೆ ಜನ ಬರುತ್ತಿದ್ದುದೇ ಆ ಕಂದು ಹಿಟ್ಟಿಗಾಗಿ. ನುಣುಪು ಹಿಟ್ಟು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಸಾಲು ಗಿಡ್ಡವಾಯಿತು. ಮಧ್ಯಾಹ್ನಕ್ಕೆ ಕಲ್ಲು ನಿಲ್ಲತೊಡಗಿತು. ಅಪ್ಪ ಖಾಲಿ ಮೂಟೆಗಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತ ಕೂರುತ್ತಿದ್ದ. ಯಾರು ಏನು ಅಂದರೂ ಕಾರಣ ಮಾತ್ರ ಹೇಳುತ್ತಿರಲಿಲ್ಲ. ನನ್ನ ನಾಚಿಕೆಯನ್ನು ಕಾಯಲು ಅವನು ತನ್ನ ಹೆಸರನ್ನೇ ಕೆಡಿಸಿಕೊಳ್ಳುತ್ತಿದ್ದ.

ಒಂದು ದಿನ ಬ್ರೆಡ್ಡಿನ ಮಾಮ ಹಿಟ್ಟಿನ ಚೀಲ ಹೆಗಲ ಮೇಲೆ ಹೊತ್ತು ವಾಪಸ್ ಬಂದ. ಅದನ್ನು ತಕ್ಕಡಿಯ ಮೇಲೆ ದೊಪ್ಪನೆ ಇಳಿಸಿದ.

“ಯಜಮಾನ್ರೇ, ಕಲ್ಲು ನಿಲ್ಲಿಸಿ. ಇವತ್ತು ತೀರ್ಮಾನ ಆಗ್ಲಿ. ನನ್ನ ಅಂಗಡಿ ಓಡೋದೇ ನಿಮ್ಮ ಕಂದು ಹಿಟ್ಟಿನಿಂದ. ಇದೇನಿದು, ಮುಖಕ್ಕೆ ಹಚ್ಚೋ ಪೌಡರ್ರು! ನಮ್ಮ ತೌಡನ್ನ ನೀವೇ ಮಾರ್ಕೊಳ್ತಿದ್ದೀರಾ ಅಂತ ಜನ ಕೇಳ್ತಿದ್ದಾರೆ.”

ಅಪ್ಪ ಕಲ್ಲು ನಿಲ್ಲಿಸಿದ. ಹಿಂದೆ ನಿಂತಿದ್ದ ನಾಲ್ಕಾರು ಜನ ಹತ್ತಿರ ಬಂದರು.

“ತೌಡು ಒಳ್ಳೇದಲ್ಲ,” ಎಂದ ಅಪ್ಪ.

“ಅಯ್ಯೋ! ಬೆನ್ನುಮೂಳೆ ಅಂತಿದ್ರಿ! ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಬೇರೆ ಹೇಳ್ತಿದ್ರಿ. ಈಗ ಊಟಾನೂ ಮರೆತ್ರಿ, ಮಾತೂ ಮರೆತ್ರಿ. ತೌಡು ಕದ್ದಿಲ್ಲ ಅಂತಾದ್ರೂ ಹೇಳಿ.”

ಅಪ್ಪ ಕೈಯಲ್ಲಿದ್ದ ಜರಡಿಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಕಲ್ಲು ನಿಂತ ಗಿರಣಿ ಎಷ್ಟು ನಿಶ್ಶಬ್ದವಾಗಿರುತ್ತದೆಂದು ನನಗೆ ಅವತ್ತು ತಿಳಿಯಿತು. ತಲೆ ಆಡಿಸಿ ಮುಗಿಸುವ ಹಾಗಿರಲಿಲ್ಲ.

“ಅದು ನನ್ನಿಂದ,” ಎಂದೆ.

ಎಲ್ಲರೂ ತಿರುಗಿದರು. ಹಳೆಯ ತರಗತಿಯ ಹಾಗೆಯೇ. ಎದ್ದು ಓಡಲು ಕಾಲು ತವಕಿಸಿತು. ತಕ್ಕಡಿಯ ಕಂಬ ಹಿಡಿದುಕೊಂಡೆ.

“ನನಗೆ ಕರುಳಿನ ಕಾಯಿಲೆ ಇದೆ, ಮಾಮ. ಒಳಗೆ ಊದಿಕೊಂಡು ದಾರಿ ಕಿರಿದಾಗಿತ್ತು. ಅದಕ್ಕೇ ನಾನು ಆಗಾಗ ಎದ್ದು ಓಡೋದು, ಅದಕ್ಕೇ ಶಾಲೆ ಬಿಟ್ಟಿದ್ದು. ತೌಡು ನನಗೆ ಆಗ್ತಿರಲಿಲ್ಲ. ಅಪ್ಪ ಹೆದರಿಬಿಟ್ಟ. ಎಲ್ಲರ ಹೊಟ್ಟೇನೂ ನನ್ನ ಹೊಟ್ಟೆ ಅಂದ್ಕೊಂಡ. ಅವನು ಕದ್ದಿಲ್ಲ.”

ನನ್ನ ಜೀವಮಾನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿರಲಿಲ್ಲ. ಮಾಮ ತನ್ನ ದೊಡ್ಡ ಗಂಟಲನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಕೆಮ್ಮಿದ. ಆಮೇಲೆ ಬಹಳ ಮೆಲ್ಲಗೆ, “ಈಗ ಹೇಗಿದೀಯಮ್ಮ?” ಎಂದು ಕೇಳಿದ.

“ಚೆನ್ನಾಗಿದೀನಿ. ಅಪ್ಪ, ಅತ್ತೆ ನೋಡ್ಕೊಂಡ್ರು.”

“ಮತ್ತೆ?” ಎಂದು ಅವನು ಅಪ್ಪನತ್ತ ತಿರುಗಿದ, ಗಂಟಲು ವಾಪಸ್ ಬಂದಿತ್ತು. “ಹುಡುಗಿ ಹೊಟ್ಟೆ ನೊಂದ್ರೆ ನನ್ನ ಬ್ರೆಡ್ಡಿಗೆ ಪಥ್ಯ ಯಾಕ್ರೀ?”

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಗದ್ದಲ ಕೇಳಿ ಮನೆಯಿಂದ ಬಂದು ನಿಂತಿದ್ದ ಅತ್ತೆ ನಕ್ಕಳು. ನನಗೂ ನಗು ಬಂತು. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದು ನಡೆದುಹೋಗಿತ್ತು, ಮತ್ತು ನಾನು ಇನ್ನೂ ತಕ್ಕಡಿಯ ಪಕ್ಕದಲ್ಲೇ ನಿಂತಿದ್ದೆ.

ನಗದವನು ಅಪ್ಪ ಒಬ್ಬನೇ. ಜರಡಿ ಹಿಡಿದುಕೊಂಡು ಹಾಗೇ ನಿಂತಿದ್ದ. ನಾನು ಹತ್ತಿರ ಹೋದೆ.

“ಅಪ್ಪಾ, ಡಾಕ್ಟರು ಹೇಳಿದ್ದು ನಿನಗೆ ಕೇಳಿಸಲಿಲ್ಲ. ತಿಂದದ್ದರಿಂದ ಬಂದದ್ದಲ್ಲ ಅಂದ್ರು. ಯಾರ ತಪ್ಪೂ ಅಲ್ಲ ಅಂದ್ರು. ನಿನ್ನ ಹಿಟ್ಟಿಂದ ಬಂದದ್ದಲ್ಲ ಇದು.”

“ನಿಜವಾಗ್ಲೂ ಅಂದ್ರಾ?”

“ನಾನೂ ಇದ್ದೆ ಅಣ್ಣಾ, ಅಂದ್ರು,” ಎಂದಳು ಅತ್ತೆ.

“ಇನ್ನೊಂದು,” ಎಂದೆ. ಮಾತು ಒಮ್ಮೆ ಶುರುವಾದರೆ ಹಿಟ್ಟಿನ ಹಾಗೆ ಸುರಿಯುತ್ತದೆ. “ನನಗೂ ಸ್ವಲ್ಪ ತೌಡು ಬೇಕು. ಮೇಡಂ ಒಂದೊಂದಾಗಿ ಅಂದಿದ್ದಾರೆ. ನನಗೆ ನಮ್ಮ ರೊಟ್ಟಿಯ ಆಸೆ ಆಗ್ತಿದೆ, ಅಪ್ಪಾ.”

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಒಳಗೋಡೆಯ ಹತ್ತಿರ ಹೋಗಿ, ಕೈಯಲ್ಲಿದ್ದ ಜರಡಿಯನ್ನು ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿದ. ಅದರ ಪಕ್ಕದ್ದನ್ನು, ಕೂದಲೆಳೆಯಷ್ಟು ದೊಡ್ಡ ಕಣ್ಣಿನದನ್ನು, ಇಳಿಸಿದ.

“ಒಂದೊಂದಾಗಿ ಅಂದ್ರೆ ಹೀಗಾ?” ಎಂದು ಕೇಳಿದ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಇದನ್ನು ಪಥ್ಯದ ಮೇಡಂಗೆ ಹೇಳಿದೆವು. ಅವರು ರಬ್ಬರಿನ ಸೇಬು ಕೈಯಲ್ಲಿ ಹಿಡಿದೇ ಚಪ್ಪಾಳೆ ತಟ್ಟಿದರು. “ಹೀಗೇ ಮಾಡಿ. ಆದ್ರೆ ಅವಸರ ಬೇಡ. ನೋವು ಬಂದ್ರೆ ಒಂದು ಮೊಳೆ ಹಿಂದಕ್ಕೆ. ವಾಂತಿ, ಹೊಟ್ಟೆ ಉಬ್ಬರ ಬಂದ್ರೆ ಜರಡಿ ಬಿಟ್ಟು ಸೀದಾ ಇಲ್ಲಿಗೆ.” ಅಪ್ಪ ಈ ಸಲ ಪ್ರತಿ ಮಾತನ್ನೂ ಅವರ ಎದುರೇ ತಿರುಗಿ ಹೇಳಿ ಒಪ್ಪಿಸಿದ. ಬರುವಾಗ ಅವರಿಗೆಂದು ತಂದಿದ್ದ ಕಂದು ಹಿಟ್ಟಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟ.

ಒಮ್ಮೆ ಒಂದು ಮೊಳೆ ಹಿಂದಕ್ಕೆ ಹೋಗಬೇಕಾಗಿ ಬಂತು, ಹೋದೆವು. ಯಾರೂ ಗಾಬರಿಯಾಗಲಿಲ್ಲ. ಈಗ ಸಾಲಿನ ನಡುಮಧ್ಯದ ಜರಡಿಯ ಹತ್ತಿರ ಇದ್ದೇವೆ. ಬಾಗಿಲ ಪಕ್ಕದ ಮೊಳೆಯನ್ನು ನಾನು ಎಂದಾದರೂ ಮುಟ್ಟುತ್ತೇನೋ ಇಲ್ಲವೋ ತಿಳಿಯದು. ಕಾಯಿಲೆ ನನ್ನ ಜೊತೆಯಲ್ಲೇ ಇದೆ, ಇಂಜೆಕ್ಷನ್ನೂ ಇದೆ. ಇಷ್ಟು ದೂರ ಬಂದದ್ದೇ ನನಗೆ ದೊಡ್ಡದು. ಬೋರ್ಡು ಮತ್ತೆ ಬಾಗಿಲ ಮೇಲೇರಿದೆ. ಅಪ್ಪನ ಅಕ್ಷರಗಳ ಕೆಳಗೆ ನಾನೇ ಬಣ್ಣದಲ್ಲಿ ಒಂದು ಸಾಲು ಸೇರಿಸಿದೆ: ‘ಬೇಕೆಂದವರಿಗೆ ಜರಡಿ ಹಿಡಿದೂ ಕೊಡಲಾಗುವುದು.’ ಆಗಾಗ ಯಾರಾದರೊಬ್ಬರು ಸಾಲು ಬಿಟ್ಟು ನನ್ನ ಹತ್ತಿರ ಬಂದು, ದನಿ ತಗ್ಗಿಸಿ, ಸಣ್ಣದು ಬೇಕು ಎನ್ನುತ್ತಾರೆ. ನಾನು ಕಾರಣ ಕೇಳುವುದಿಲ್ಲ. ಹೇಳಿದರೆ ಕೇಳಿಸಿಕೊಳ್ಳುತ್ತೇನೆ.

ಎರಡನೆಯ ಜರಡಿಯ ಹಿಟ್ಟಿನ ಮೊದಲ ರೊಟ್ಟಿಯನ್ನು ಮಾತ್ರ ನಾನು ಮರೆಯುವುದಿಲ್ಲ. ಅತ್ತೆ ಬಿಸಿಯಾಗಿ ತಟ್ಟೆಗೆ ಹಾಕಿದಳು. ಬಿಳಿಯ ಮೈಯಲ್ಲಿ ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ. ಅಪ್ಪ ಎದುರಿಗೆ ಕುಳಿತು, ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಾನು ಅಗಿಯುವುದನ್ನೇ ನೋಡುತ್ತಿದ್ದ. ನಾನು ನಿಧಾನವಾಗಿ, ಮೇಡಂ ಹೇಳಿದ ಹಾಗೆ, ಹಿಟ್ಟು ಬಾಯಲ್ಲೇ ಸಿಹಿಯಾಗುವವರೆಗೆ ಅಗಿದೆ.

“ಹೇಗಿದೆ ಕಾಳೂ?” ಎಂದು ಕೇಳಿದ.

“ಹಲ್ಲಿನ ರಜಾ ಮುಗೀತು, ಅಪ್ಪಾ,” ಎಂದೆ.

ಅವನು ನಕ್ಕ. ನಗುವಾಗ ಅವನ ರೆಪ್ಪೆಗಳ ಮೇಲಿನ ಹಿಟ್ಟು ಒದ್ದೆಯಾಗಿತ್ತು. ಅತ್ತೆ ಇನ್ನೊಂದು ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿ, “ನೀನೂ ತಿನ್ನು ಅಣ್ಣಾ, ಮೂಟೆಗಳ ಹಿಂದೆ ಅಡಗಿ ತಿನ್ನೋದು ಸಾಕು,” ಎಂದಳು.